ಪುಕ್ಕಟೆ ಉಪ್ಪಿಟ್ಟಿನ ಬೆಲೆ

ಹೋಟೆಲಿನಲ್ಲಿ ಬಿಲ್ಲು ಬಂದಾಗ "ನಾನು ಕೊಡ್ತೀನಿ, ನೀವು ಸುಮ್ನಿರಿ" ಎಂದು ಗಂಡಸರು ಒಬ್ಬರ ಕೈಯನ್ನೊಬ್ಬರು ಹಿಡಿದು ಎಳೆದಾಡುತ್ತಿದ್ದ ಕಾಲವೊಂದಿತ್ತು. ನಮ್ಮ ಕುಟುಂಬದಲ್ಲಿ ಆ ಮಲ್ಲಯುದ್ಧ ನಿಂತುಹೋಗಿದೆ. ಬಿಲ್ಲು ಮೇಜು ಮುಟ್ಟುವ ಮೊದಲೇ ನನ್ನ ಭಾವಮೈದ ರಘುವಿನ ಕ್ರೆಡಿಟ್ ಕಾರ್ಡು ಅದರ ಮೇಲೆ ಕೂತಿರುತ್ತದೆ. ಎಷ್ಟು ಜನ ಉಂಡಿದ್ದರೂ ಸರಿ, ಅವನೇ. ಹೊಸದಾಗಿ ನೋಡಿದವರು ಎಂಥ ದೊಡ್ಡ ಮನಸ್ಸಪ್ಪಾ ಎಂದುಕೊಳ್ಳುತ್ತಾರೆ. ಬೀಡಾ ಬಾಯಿಗೆ ಹೋಗುವಷ್ಟರಲ್ಲಿ ಎಲ್ಲರ ಫೋನೂ ಟಿಣ್ ಎನ್ನುತ್ತದೆ: ತಲೆಗೆ ಇಷ್ಟು, ಯುಪಿಐ ಮಾಡಿ. ದುಡ್ಡು ನಮ್ಮದು, ಪಾಯಿಂಟು ಅವನದು.

ಊಟದ ಬಿಲ್ಲು ಬರೀ ಆರಂಭ. ಚಿಕ್ಕಪ್ಪನ ಮಗಳ ಮದುವೆಯ ಸೀರೆಗಳು, ಪಕ್ಕದ ಮನೆಯವರ ಫ್ರಿಜ್ಜು, ಎಲ್ಲ ಅವನ ಕಾರ್ಡಿನಿಂದಲೇ ಹಾದುಹೋಗಿವೆ. ನಮ್ಮತ್ತೆಯ ಕಣ್ಣಿನ ಪೊರೆ ತೆಗೆಸಿದ್ದೂ ಅದರಲ್ಲೇ. ಆಪರೇಷನ್ನಿನ ದಿನವನ್ನು ಗೊತ್ತುಮಾಡಿದ್ದು ಡಾಕ್ಟರೋ, ಕಾರ್ಡಿನ ಮೂರು ತಿಂಗಳ ಖರ್ಚಿನ ಗುರಿ ಮುಟ್ಟದೆ ಒದ್ದಾಡುತ್ತಿದ್ದ ತನ್ನ ತಮ್ಮನೋ ಎಂಬ ಅನುಮಾನ ನನ್ನ ಹೆಂಡತಿಗೆ ಇನ್ನೂ ಹೋಗಿಲ್ಲ.

ಇಷ್ಟೆಲ್ಲ ಯಾತಕ್ಕೆ? ವಿಮಾನ ನಿಲ್ದಾಣದ ಲೌಂಜಿಗೆ.

ಲೌಂಜಿಗೆ ಒಂದು ಘನವಾದ ಇತಿಹಾಸವಿದೆ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನವರು ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದಲ್ಲಿ ಇಂಥ ಮೊದಲ ಕೋಣೆ ತೆರೆದಾಗ, ಒಳಗೆ ಹೋಗಲು ದುಡ್ಡಿದ್ದರೆ ಸಾಲುತ್ತಿರಲಿಲ್ಲ, ವಿಮಾನದವರೇ ಕರೆಯಬೇಕಿತ್ತು. ನಮ್ಮಲ್ಲಿ ಅದು ಎರಡು ರೂಪಾಯಿಗೆ ಇಳಿಯಿತು. ಬ್ಯಾಂಕುಗಳು ಕೈಗೆ ಸಿಕ್ಕವರಿಗೆಲ್ಲ ಕಾರ್ಡು ಹಂಚಿದವು, ಡೆಬಿಟ್ ಕಾರ್ಡಿಗೂ ಲೌಂಜು ಜೋಡಿಸಿದವು. ಬಾಗಿಲಲ್ಲಿ ಕಾರ್ಡು ಉಜ್ಜಿದರೆ ಎರಡು ರೂಪಾಯಿ ಕಟ್; ಒಳಗೆ ಬೇಕಾದಷ್ಟು ತಿನ್ನು. ಎರಡು ರೂಪಾಯಿಗೆ ಊಟ ಎಂದ ಮೇಲೆ ಏನಾಗಬೇಕೋ ಅದೇ ಆಯಿತು. ಹೊರಗೆ ಗೇಟಿನ ಮುಂದೆ ಸಾಲು ಸಾಲು ಕುರ್ಚಿ ಖಾಲಿ. ಒಳಗೆ ತಟ್ಟೆ ಹಿಡಿದುಕೊಂಡು ನಿಂತವರ ಜಾತ್ರೆ. ಜನಜಂಗುಳಿಯಿಂದ ತಪ್ಪಿಸಿಕೊಳ್ಳಲೆಂದು ಕಟ್ಟಿದ ಕೋಣೆಗೆ ನಿಲ್ದಾಣದ ಅತಿ ಉದ್ದದ ಕ್ಯೂ ಬಂತು.

ಅದೂ ಎಂಥ ಹೊತ್ತಿನಲ್ಲಿ! ದೇವನಹಳ್ಳಿಯಿಂದ ಬೆಳಗ್ಗೆ ಆರೂವರೆಯ ವಿಮಾನ ಎಂದರೆ ಜಯನಗರದವರು ಎರಡು ಗಂಟೆಗೆ ಏಳಬೇಕು. ಸಾಮಾನ್ಯ ಮನುಷ್ಯರು ಹೆಬ್ಬಾಳದ ಟ್ರಾಫಿಕ್ಕಿಗೆ ಹೆದರಿ ಬೇಗ ಹೊರಡುತ್ತಾರೆ. ರಘು ಉಪ್ಪಿಟ್ಟಿಗಾಗಿ ಅದಕ್ಕಿಂತ ಇನ್ನೂ ಒಂದು ಗಂಟೆ ಮುಂಚೆ ಹೊರಡುತ್ತಾನೆ. ಅವನ ಜೊತೆ ಹೋದ ತಪ್ಪಿಗೆ ನಸುಕಿನ ನಾಲ್ಕು ಗಂಟೆಗೆ ನಾನು ಉಪ್ಪಿಟ್ಟು, ಪಾಸ್ತಾ, ಕಲ್ಲಂಗಡಿ, ಗುಲಾಬ್ ಜಾಮೂನು ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಕೂತಿರುವುದನ್ನು ನೋಡಿದ್ದೇನೆ. ಆ ಹೊತ್ತಿಗೆ ಯಾರಿಗೂ ಹಸಿವಿರುವುದಿಲ್ಲ. ಆದರೂ ಅಲ್ಲಿ ತಿನ್ನದೆ ಕೂತವರನ್ನು ನಾನು ಕಂಡಿಲ್ಲ. "ಭಾವ, ಇನ್ನೊಂದು ವಡೆ ಹಾಕ್ಕೊಳ್ಳಿ, ಹೊರಗಡೆ ಇದಕ್ಕೇ ಮುನ್ನೂರು ರೂಪಾಯಿ" ಎನ್ನುತ್ತಾನೆ ರಘು. ಹೊರಗಡೆ ನಾನು ಮುನ್ನೂರು ಕೊಟ್ಟು ವಡೆ ತಿನ್ನುವವನೇ ಅಲ್ಲ ಎಂಬುದು ಅವನ ಲೆಕ್ಕದಲ್ಲಿ ಬರುವುದಿಲ್ಲ. ಕಾರ್ಡಿನ ಗುಟ್ಟೆಲ್ಲ ಇರುವುದು ಇಲ್ಲೇ. ನಾವು ಎಂದೂ ಮಾಡದಿದ್ದ ಖರ್ಚನ್ನು ಅವರು ಉಳಿಸಿಕೊಡುತ್ತಾರೆ.

ಬ್ಯಾಂಕಿನವರೂ ಮನುಷ್ಯರೇ, ಅವರಿಗೂ ಕೊನೆಗೆ ಉಪ್ಪಿಟ್ಟಿನ ಬಿಲ್ಲು ಕಣ್ಣಿಗೆ ಬಿತ್ತು. 2023ರ ಡಿಸೆಂಬರಿನಿಂದ ಎಚ್‌ಡಿಎಫ್‌ಸಿಯ ರೆಗಾಲಿಯಾ ಕಾರ್ಡಿನವರು ಮೂರು ತಿಂಗಳಲ್ಲಿ ಒಂದು ಲಕ್ಷ ಖರ್ಚು ಮಾಡಿದರೆ ಮಾತ್ರ ದೇಶದೊಳಗಿನ ಲೌಂಜು. 2024ರ ಏಪ್ರಿಲಿನಿಂದ ಐಸಿಐಸಿಐನವರ ಹಲವು ಕಾರ್ಡುಗಳಿಗೆ, ಹಿಂದಿನ ಮೂರು ತಿಂಗಳಲ್ಲಿ 35,000 ಖರ್ಚಾಗಿರಬೇಕು ಎಂಬ ನಿಯಮ ಬಂತು. ಬಾಡಿಗೆಗೆ ಪಾಯಿಂಟಿಲ್ಲ, ಪೆಟ್ರೋಲಿಗಿಲ್ಲ, ವಾಲೆಟ್ಟಿಗಿಲ್ಲ ಎಂದು ಒಂದೊಂದೇ ಕಿಟಕಿ ಮುಚ್ಚುತ್ತಾ ಬಂದರು. ಹಾಗೆ ಮಿಂಚಂಚೆ ಬಂದ ದಿನ ರಘುವಿನ ಮನೆಯಲ್ಲಿ ಸೂತಕ. ಊಟ ಬಿಟ್ಟಿದ್ದನಂತೆ, ಅದೂ ಮನೆಯ ಊಟ.

ಈಗ ಅವನ ಕಣ್ಣು ಇನ್ನೂ ಮೇಲೆ, ಅಮೆರಿಕನ್ ಎಕ್ಸ್‌ಪ್ರೆಸ್‌ನ ಪ್ಲಾಟಿನಂ ಕಾರ್ಡಿನ ಮೇಲೆ ನೆಟ್ಟಿದೆ. "ಭಾವ, ಇದು ಕ್ರೆಡಿಟ್ ಕಾರ್ಡಲ್ಲ, ಚಾರ್ಜ್ ಕಾರ್ಡು. ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿಯಿಲ್ಲ. ಆದರೆ ತಿಂಗಳ ಕೊನೆಗೆ ಪೂರ್ತಿ ಕಟ್ಟಬೇಕು." ಅಂದರೆ ನಮ್ಮಪ್ಪ ಕಿರಾಣಿ ಅಂಗಡಿಯಲ್ಲಿ ಇಟ್ಟಿದ್ದ ಖಾತೆ! ತಿಂಗಳಿಡೀ ಬರೆಸಿ, ಸಂಬಳದ ದಿನ ಚುಕ್ತಾ. ವ್ಯತ್ಯಾಸ ಒಂದೇ: ಆ ಅಂಗಡಿಯವರು ಖಾತೆ ಪುಸ್ತಕಕ್ಕೆಂದು ವರ್ಷಕ್ಕೆ ಅರವತ್ತಾರು ಸಾವಿರ ಕೇಳುತ್ತಿರಲಿಲ್ಲ. ಬದಲಿಗೆ ಚುಕ್ತಾ ಮಾಡಿದ ದಿನ ಮಕ್ಕಳ ಕೈಗೆ ಒಂದಿಷ್ಟು ಬೆಲ್ಲ ಹಾಕುತ್ತಿದ್ದರು.

ಇಂಥ ಕಾರ್ಡಿನ ಹಿರಿಯಜ್ಜ ಡೈನರ್ಸ್ ಕ್ಲಬ್, 1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಫ್ರಾಂಕ್ ಮೆಕ್‌ನಮಾರ ಎಂಬವನು ಹೋಟೆಲಿನಲ್ಲಿ ಉಂಡಾದ ಮೇಲೆ ಜೇಬು ತಡಕಿದರೆ ಪರ್ಸಿಲ್ಲ. ಆ ಅವಮಾನದಲ್ಲಿ ಹೊಳೆದದ್ದು ಎನ್ನುತ್ತಾರೆ. ಈ ಕತೆಗೆ ಪ್ರಚಾರದವರು ಮಸಾಲೆ ಅರೆದದ್ದೂ ಉಂಟಂತೆ. ನನಗೇನೂ ಆಶ್ಚರ್ಯವಿಲ್ಲ. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡು ಬಂತು, 1984ರಲ್ಲಿ ಅದರ ಪ್ಲಾಟಿನಂ. ರಘು ಬಯಸಿರುವುದು ಆ ಪ್ಲಾಟಿನಮ್ಮಿನ ಭಾರತೀಯ ಅವತಾರವನ್ನೇ. ಅದಕ್ಕೆ ಶುಲ್ಕ 66,000, ಅದರ ಮೇಲೆ ಜಿಎಸ್‌ಟಿ ನೂರಕ್ಕೆ 18ರಂತೆ ಸೇರಿ ಒಟ್ಟು 77,880 ರೂಪಾಯಿ. ಇದನ್ನು ಚಹಾದಲ್ಲಿ ಅಳೆದು ನೋಡೋಣ: ಕೋಲ್ಕತಾ ವಿಮಾನ ನಿಲ್ದಾಣದಲ್ಲಿ 2024ರ ಡಿಸೆಂಬರಿನಲ್ಲಿ ಸರ್ಕಾರದವರು ಉಡಾನ್ ಯಾತ್ರಿ ಕೆಫೆ ತೆರೆದಾಗ ಚಹಾಕ್ಕೆ ಹತ್ತು ರೂಪಾಯಿ ಇಟ್ಟರು. ರಘುವಿನ ಶುಲ್ಕದಲ್ಲಿ ಅಲ್ಲಿ ವರ್ಷವಿಡೀ ದಿನಕ್ಕೆ ಇಪ್ಪತ್ತೊಂದು ಚಹಾ ಕುಡಿಯಬಹುದು. ಕುಡಿದಾದ ಮೇಲೂ ಹತ್ತಿರ ಹತ್ತಿರ ಸಾವಿರದ ಇನ್ನೂರು ರೂಪಾಯಿ ಉಳಿಯುತ್ತದೆ, ಆಸಿಡಿಟಿ ಮಾತ್ರೆಗೆ.

"ಚಹಾ ಬಿಡಿ ಭಾವ, ಹೋಟೆಲುಗಳಲ್ಲಿ ಗೋಲ್ಡ್ ದರ್ಜೆ ಸಿಗುತ್ತೆ, ರೂಮು ತಡವಾಗಿ ಖಾಲಿ ಮಾಡಬಹುದು" ಎಂದ. ನಾವು ಪರಊರಿಗೆ ಹೋದರೆ ಇಳಿಯುವುದು ದೊಡ್ಡಮ್ಮನ ಮನೆಯಲ್ಲಿ. ಅಲ್ಲಿ ಕೋಣೆ ಖಾಲಿ ಮಾಡುವ ಹೊತ್ತೆಂಬುದೇ ಇಲ್ಲ. ಹೊರಡುತ್ತೇವೆ ಎಂದರೆ ಕೋಪ ಬರುತ್ತದೆ.

ನ್ಯೂಜೆರ್ಸಿಯಲ್ಲಿರುವ ನನ್ನ ಸೋದರತ್ತೆ ಮಗನ ಪಾಡು ಬೇರೆ. ಅಲ್ಲಿ ಇದೇ ಪ್ಲಾಟಿನಮ್ಮಿನ ಶುಲ್ಕ 695 ಡಾಲರಿದ್ದದ್ದು 2025ರಲ್ಲಿ 895 ಆಯಿತು. ಅದರ ಎದುರಾಳಿ, ಚೇಸ್ ಬ್ಯಾಂಕಿನ ಸಫೈರ್ ರಿಸರ್ವ್, 2016ರಲ್ಲಿ 450ಕ್ಕೆ ಬಂದದ್ದು ಈಗ 795. ಶುಲ್ಕಕ್ಕೆ ಪ್ರತಿಯಾಗಿ ಪ್ಲಾಟಿನಮ್ಮಿನವರು ಹಣ ವಾಪಸು ಕೊಡುತ್ತಾರೆ, ಆದರೆ ಚಿಲ್ಲರೆಯಾಗಿ: ತಿಂಗಳಿಗೆ 15 ಡಾಲರು ಊಬರಿಗೆ, ಆ ತಿಂಗಳು ಬಳಸದಿದ್ದರೆ ಹೋಯಿತು. ಹಾಗಾಗಿ ಅವನು ಮೂವತ್ತನೇ ತಾರೀಕು ರಾತ್ರಿ ಹಸಿವಿಲ್ಲದಿದ್ದರೂ ಊಬರಿನಲ್ಲಿ ಬಿರಿಯಾನಿ ತರಿಸುತ್ತಾನೆ. ಇಂಜಿನಿಯರಿಂಗ್ ಓದಿ ಸಮುದ್ರ ದಾಟಿ ಹೋದವನು ಕ್ಯಾಲೆಂಡರಿನಲ್ಲಿ ಏಕಾದಶಿಯ ಬದಲು ಕೂಪನ್ನಿನ ಕೊನೆಯ ದಿನ ಗುರುತು ಹಾಕಿಕೊಂಡು ಪಾಲಿಸುತ್ತಿದ್ದಾನೆ. ಏಕಾದಶಿಯಲ್ಲಾದರೂ ಹೊಟ್ಟೆಗೆ ಬಿಡುವಿತ್ತು.

ರಘುವಿಗೆ ಅನ್ಯಾಯ ಮಾಡಬಾರದು. ಅವನು ಒಮ್ಮೆ ಪಾಯಿಂಟುಗಳನ್ನು ವಿಮಾನದ ಮೈಲುಗಳಾಗಿ ಬದಲಿಸಿ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿಕೊಂಡು ಸಿಂಗಪುರಕ್ಕೆ ಹೋಗಿಬಂದದ್ದು ನಿಜ. ಟಿಕೆಟ್ಟಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅವನು ಕೊಟ್ಟದ್ದು ತೆರಿಗೆ ಮಾತ್ರ. ಆದರೆ ಆ ಒಂದು ಸೀಟಿಗಾಗಿ ಅವನು ಎಕ್ಸೆಲ್ ಹಾಳೆಯ ಮುಂದೆ ಕಳೆದ ರಾತ್ರಿಗಳಿಗೆ ಸಂಬಳ ಹಾಕಿದರೆ ಸಿಂಗಪುರದಲ್ಲೇ ಒಂದು ಮನೆ ಬಾಡಿಗೆಗೆ ಹಿಡಿಯಬಹುದಿತ್ತು. "ಲೋ, ಸೀಟು ಎರಡಿದ್ದರೆ ಹೆಂಡತೀನೂ ಕರ್ಕೊಂಡು ಹೋಗಬಹುದಿತ್ತಲ್ಲ" ಎಂದಳು ಅವನ ಅಕ್ಕ. ಪಾಯಿಂಟು ಒಂದಕ್ಕೇ ಇತ್ತಂತೆ.

ಹಾಗಾದರೆ ಈ ಕಾರ್ಡು ಬೇಕೇ ಎಂದು ಕೇಳುವವರಿಗೆ ನನ್ನ ತೀರ್ಪು ಇದು. ವಾರಕ್ಕೊಮ್ಮೆ ವಿಮಾನ ಹತ್ತುವವರಾಗಿದ್ದು ಶುಲ್ಕವನ್ನು ಕಂಪನಿ ಕಟ್ಟುವುದಾದರೆ ಇವತ್ತೇ ತೆಗೆದುಕೊಳ್ಳಿ. ಶುಲ್ಕ ನೀವೇ ಕಟ್ಟುವುದಾದರೆ, ವರ್ಷಕ್ಕೆ ಎರಡು ಸಲ ಮದುವೆ ಮುಂಜಿಗೆಂದು ಹಾರುವ ನಮ್ಮಂಥವರಿಗೆ ಇದು ದಂಡ. ವಾರ್ಷಿಕ ಶುಲ್ಕವಿಲ್ಲದ ಒಂದು ಸಾದಾ ಕಾರ್ಡು ಸಾಕು. ಅದು ಯಾವುದೇ ಇರಲಿ, ಬಂದ ಬಿಲ್ಲನ್ನು ಪೂರ್ತಿ ಕಟ್ಟಿಬಿಡಿ. ಬಾಕಿ ಉಳಿಸಿಕೊಂಡರೆ ಬಡ್ಡಿ ವರ್ಷಕ್ಕೆ ನೂರಕ್ಕೆ ನಲವತ್ತರ ಆಸುಪಾಸು, ಯಾವ ಲೌಂಜಿನ ಉಪ್ಪಿಟ್ಟೂ ಅದನ್ನು ತುಂಬಿಕೊಡಲಾರದು. ಇನ್ನು ದಾರಿಯ ಹಸಿವಿಗೆ: ದೇಶದೊಳಗಿನ ಪ್ರಯಾಣದಲ್ಲಿ ಮನೆಯ ಇಡ್ಲಿಯನ್ನು ತಪಾಸಣೆಯವರು ತಡೆಯುವುದಿಲ್ಲ. ಚಟ್ನಿ ನೀರಾಗಿದ್ದರೆ ತಕರಾರು ಬಂದೀತು. ಎಣ್ಣೆ, ಚಟ್ನಿಪುಡಿ ಸವರಿಕೊಂಡೇ ಹೊರಡಿ.