ಗಲ್ಲದೊಳಗಿನ ಗುಮ್ಮಟ

(ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಬಲಗಲ್ಲದ ಎಲುಬಿನೊಳಗೆ ವಾಸವಿರುವ ಸೈನಸ್, ನೆಗಡಿಯ ಐದನೇ ದಿನ ಭೇಟಿಗೆ ಸಿಕ್ಕಿತು. ಬಾಯಿ ಬಿಟ್ಟರೆ ಅಪ್ಪಟ ವಿಜಯಪುರ.)

ಪ್ರಶ್ನೆ: ತಮ್ಮ ಪರಿಚಯ?

ಸೈನಸ್: ಕಣ್ಣಿನ ಕೆಳಗ, ಮ್ಯಾಲಿನ ದವಡಿ ಹಲ್ಲಿನ ಮ್ಯಾಗ ನಮ್ಮ ಖೋಲಿ. ಸುಮಾರು 15 ಮಿಲಿಲೀಟರ್ ಗಾಳಿ ಹಿಡಿತೈತಿ, ಅಷ್ಟ. 1651ರಾಗ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ನಮ್ಮ ವರ್ಣನಾ ಪುಸ್ತಕದಾಗ ಬರದ. ಆವಾಗ ನಿಮ್ಮ ಗೋಳಗುಮ್ಮಟದ ಕೆಲಸ ಇನ್ನೂ ನಡದಿತ್ತು. ಅದಕ್ಕೂ ನಡುವ ಕಂಬ ಇಲ್ಲ, ನಮಗೂ ಇಲ್ಲ. ಆದ್ರ ಅದರ ಬಾಗಿಲ ನೆಲಕ್ಕ ಐತಿ.

ಪ್ರಶ್ನೆ: ನಿಮ್ಮದು?

ಸೈನಸ್: ಛತ್ತಿನ ಹತ್ರ! ಬಚ್ಚಲ ತೂತು ಮ್ಯಾಲ ಇಟ್ಟ ಗೌಂಡಿ ಯಾರೋ ಏನೋ. ತೊರವಿಯಿಂದ ಊರಿಗೆ ಸುರಂಗದಾಗ ನೀರು ತಂದ ಆದಿಲ್‌ಶಾಹಿ ಮಂದಿ ನೋಡಿದ್ರ ನಗತಿದ್ರು. ಕಣ್ಣಿಗೆ ಕಾಣದ ಸಣ್ಣ ರೋಮ ಹಗಲೂ ರಾತ್ರಿ ಸುಂಬಳಾನ ಏರಿಗೆ ದಬ್ಬತಾವ. ನೆಗಡಿ ವೈರಸ್ ಬಂತು, ಬಾಗಿಲಕ್ಕ ಬಾವು ಬಂತು, ಮುಗೀತು. ಬಗ್ಗಿದ್ರ ಗಲ್ಲ ಭಾರ. ಹಲ್ಲಿನ ಬ್ಯಾನಿ ಅಂತ ತಿಳದು ಮಾಲಕ್ರು ಹಲ್ಲ ಕೀಳಿಸಾಕ ಹೊಂಟಿದ್ರು!

ಪ್ರಶ್ನೆ: ಧೂಳಿನ ಮೇಲೆ ದೂರಿದೆಯೇ?

ಸೈನಸ್: ವಿಜಯಪುರದಾಗಿದ್ದು ಧೂಳಿನ ಮ್ಯಾಲ ದೂರು ಹೇಳೂದಾ? ಗಂಧಕದ ಮಾತು ಕೇಳ್ರಿ. ಬೂದಿ ರೋಗ ಬರಬಾರದಂತ ಪಡಕ್ಕ ಗಂಧಕದ ಪುಡಿ, ಬಣ್ಣ ಬರ್ಲಿ ಅಂತ ಒಣದ್ರಾಕ್ಷಿಗೆ ಗಂಧಕದ ಹೊಗಿ. ದ್ರಾಕ್ಷಿಗೆ ಶೆಡ್ಡು, ನೆರಳು, ಪರದೆ; ಮಾಲಕ್ರ ಮೂಗಿಗೆ ಒಂದು ಹಳೇ ಟಾವೆಲ್ಲು. ಬಬಲೇಶ್ವರದ ಬೀಗರದೂ ಇದ ಕಥಿ.

ಪ್ರಶ್ನೆ: ಔಷಧ?

ಸೈನಸ್: ಎರಡನೇ ದಿನಾನ ಮೆಡಿಕಲ್ಲಿಗೆ ಹೋಗಿ ‘ಸ್ಟ್ರಾಂಗ್ ಇರೂದು ಕೊಡಪಾ’ ಅಂದ್ರು. ಚೀಟಿ ಕೇಳಿದ್ರ ಸಿಟ್ಟು. ಆಂಟಿಬಯೋಟಿಕ್ ವೈರಸ್ಸಿಗೆ ನಾಟೂದಿಲ್ಲ. ಸುಂಬಳ ಹಸರಾತಂತ ಗಾಬರಿ. ಆ ಬಣ್ಣ ನಮ್ಮ ಬಿಳಿ ರಕ್ತಕಣದ್ದು, ಅದೊಂದ ನೋಡಿ ಬ್ಯಾಕ್ಟೀರಿಯಾ ಅನ್ನಾಕ ಬರೂದಿಲ್ಲ. ಹತ್ತು ದಿನಾದ್ರೂ ಇಳೀಲಿಲ್ಲ, ಇಳದಂಗಾಗಿ ಮತ್ತ ಏರಿತು, ಕಣ್ಣ ಸುತ್ತ ಬಾತಿತು ಅಂದ್ರ ಡಾಕ್ಟರ್ ಕಡೆ ನಡೀರಿ. ಮೂಗು ಬಿಚ್ಚೂ ಹನಿ ವಾರಗಟ್ಟಲೆ ಬಿಟ್ರ ಅದ ಹನಿಗೇ ಮೂಗು ಮತ್ತ ಕಟ್ಟತೈತಿ.

ಪ್ರಶ್ನೆ: ಕೆಳಗಿನ ಓಣಿಯ ಟಾನ್ಸಿಲ್‌ಗಳು?

ಸೈನಸ್: ಅವರ ನ್ಯಾಯ ಬ್ಯಾರೆ. ಮಾಲಕ್ರ ಮಗನಿಗೆ ಗಂಟಲ ಬ್ಯಾನಿ, ಜೋರು ಜ್ವರ, ಕೆಮ್ಮಿಲ್ಲ, ನೆಗಡಿಲ್ಲ. ತಪಾಸ ಮಾಡಿದ್ರ ಸ್ಟ್ರೆಪ್ಟೊಕಾಕಸ್. ಹಂಗ ಬಿಟ್ರ ಕೆಲವು ಹುಡುಗರಿಗೆ ಸಂಧಿವಾತ ಜ್ವರ ಬಂದು ಹೃದಯದ ಕವಾಟನ ಕೆಡತಾವ. ಡಾಕ್ಟರು ಹತ್ತು ದಿನದ ಆಂಟಿಬಯೋಟಿಕ್ ಗುಳಗಿ ಬರದ್ರು. ಮೂರನೇ ದಿನಕ್ಕ ಜ್ವರ ಬಿಡ್ತು, ಹುಡುಗ ಗುಳಗಿ ಬಿಟ್ಟ. ಉಳದದ್ದು ಅವರಪ್ಪ ನನ್ನ ಸಲುವಾಗಿ ನುಂಗಾಕತ್ಯಾರ!

ಪ್ರಶ್ನೆ: ಪತ್ರಿಕೆಗೆ ಒಂದು ಫೋಟೊ?

ಸೈನಸ್: ಬ್ಯಾಡ್ರಿ. ಸಾದಾ ನೆಗಡ್ಯಾಗ ಸ್ಕ್ಯಾನ್ ಮಾಡಿದ್ರೂ ಬಾಳ ಮಂದಿ ಸೈನಸ್ ಮಬ್ಬಾಗೇ ಬರತಾವ. ಮಾಲಕ್ರು ನೋಡಿದ್ರ ಮತ್ತ ಮೆಡಿಕಲ್ಲಿಗೆ ಓಡತಾರ. ಮುಂದಿನ ವಾರ ಬರ್ರಿ.