ಸಿಹಿಕಹಿ ಚಂದ್ರು ಮತ್ತು ನಮ್ಮ ಕಡೆಯ ಲಲಿತಾಂಬೆಯರು

ಗಂಡ ಹೆಂಡತಿ ಇಬ್ಬರ ಹೆಸರಿಗೂ ಒಂದೇ ಧಾರಾವಾಹಿ ಅಂಟಿಕೊಂಡಿರೋದನ್ನ ಬೇರೆಲ್ಲಾದರೂ ಕಂಡಿದ್ದೀರಾ? ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ. ದೂರದರ್ಶನದಲ್ಲಿ ಆ ‘ಸಿಹಿಕಹಿ’ ಬಂದು ಹೋಗಿ ಎಷ್ಟೋ ಕಾಲವಾಯ್ತು. ಅದರ ಒಂದು ಕಂತಿನ ಕಥೆ ಹೇಳಿ ಅಂದರೆ ನಮ್ಮ ಓಣಿಯ ಅರ್ಧ ಜನ ತಲೆ ಕೆರೆದುಕೊಳ್ತಾರೆ. ಹೆಸರು ಮಾತ್ರ ಅಲ್ಲಾಡಿಲ್ಲ. ನಮ್ಮಲ್ಲಿ ಹೀಗೆ ಅಂಟೋದು ಊರು. ಶಿರಾಳಕೊಪ್ಪದಿಂದ ಶಿಕಾರಿಪುರಕ್ಕೆ ಬಂದು ಅಂಗಡಿ ಇಟ್ಟವರು ಕೊನೇವರೆಗೂ ಶಿರಾಳಕೊಪ್ಪದವರೇ. ಆನವಟ್ಟಿಯಿಂದ ಸೊಸೆಯಾಗಿ ಬಂದವಳು ಮೊಮ್ಮಕ್ಕಳನ್ನ ಕಂಡರೂ ಆನವಟ್ಟಿಯವಳೇ. ಅವರಿಬ್ಬರಿಗೆ ಧಾರಾವಾಹಿಯೇ ಊರಾಯ್ತು ಅಂತ ಕಾಣುತ್ತೆ, ಅಲ್ವಾ?

ಆದರೆ ಚಂದ್ರು ಅಂದ ಕೂಡಲೇ ನಮಗೆ ನೆನಪಾಗೋದು ಈಟೀವಿ ಕಾಲ. ಆ ವಾಹಿನಿ 2000ದ ಡಿಸೆಂಬರ್‌ನಲ್ಲಿ ಶುರುವಾಯ್ತು. ಆಮೇಲೆ ಬಂತು ನೋಡಿ ಚಂದ್ರು ಅವರ ‘ಪಾಪ ಪಾಂಡು’, ಅದರ ಬೆನ್ನಿಗೇ ‘ಸಿಲ್ಲಿ ಲಲ್ಲಿ’. ‘ಪಾಪ ಪಾಂಡು’ವಿನಲ್ಲಿ ಹೆಂಡತಿಯಾಗಿ ಶಾಲಿನಿ ಗದರೋದು, ಪಾಂಡು ಆಗಿ ಚಿದಾನಂದ್ ಮುದುರಿಕೊಳ್ಳೋದು. ಎಲ್ಲರಿಗೂ ಗೊತ್ತಿರೋದೇ ಬಿಡಿ. ಆಗ ನಮ್ಮ ಕಡೆ ಕರೆಂಟು ಸರಿಯಾಗಿ ನಗು ಬರೋ ಹೊತ್ತಿಗೇ ಕೈ ಕೊಡ್ತಿತ್ತು. ಪಾಂಡು ಬಾಗಿಲು ತೆಗೀತಾನೆ, ಹೆಂಡತಿ ಎದುರಿಗೆ ನಿಂತಿದ್ದಾಳೆ, ಅಷ್ಟರಲ್ಲಿ ಗವ್ವೆನ್ನೋ ಕತ್ತಲು. ಮಾರನೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಸೊರಬದ ಕಡೆಯವರು ಸಿಕ್ಕರೆ, ‘ನಿಮ್ಮಲ್ಲಿ ಕರೆಂಟಿತ್ತಾ ಮಾರಾಯ್ರೆ, ಆಮೇಲೆ ಏನಾಯ್ತು?’ ಅಂತ ಕೇಳೋದು. ಅವರು ಹೇಳ್ತಿದ್ದ ಕಥೆ ಟೀವಿಯ ಕಥೆಗಿಂತ ಉದ್ದ ಇರ್ತಿತ್ತು, ಅದು ಬೇರೆ ಮಾತು.

ಅಳಿಸೋ ಧಾರಾವಾಹಿಗೆ ಒಂದು ಸೌಕರ್ಯ ಉಂಟು. ಅತ್ತೆ ಇವತ್ತು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರೆ, ಸೊಸೆ ಮುಂದಿನ ಸೋಮವಾರದವರೆಗೂ ಕಣ್ಣೀರು ಒರೆಸಿಕೊಳ್ಳಬಹುದು. ನಗಿಸೋರಿಗೆ ಆ ಭಾಗ್ಯ ಎಲ್ಲಿ? ಅರ್ಧ ಗಂಟೆಯ ಹೊತ್ತಿನಲ್ಲಿ, ಜಾಹೀರಾತಿಗೆ ಜಾಗ ಬಿಟ್ಟು, ಗಂಟು ಹಾಕಬೇಕು, ಬಿಚ್ಚಲೂ ಬೇಕು. ನಾಳೆ ಅದೇ ಸೋಫಾ, ಅದೇ ಮೆಟ್ಟಿಲು, ಅದೇ ಜನ, ಗಂಟು ಮಾತ್ರ ಹೊಸದು. ಸೊರಬ, ಸಾಗರದ ಕಡೆ ಯಕ್ಷಗಾನ ನೋಡಿದವರಿಗೆ ಇದು ಬೇಗ ತಿಳಿಯುತ್ತೆ. ಬಡಗುತಿಟ್ಟಿನ ಹಾಸ್ಯಗಾರನಿಗೆ ಮಾತು ಬರೆದುಕೊಡೋರು ಯಾರೂ ಇಲ್ಲ, ಅಲ್ಲೇ ಹುಟ್ಟಬೇಕು. ಆದರೆ ಅವನಿಗೆ ದಿನಕ್ಕೊಂದು ಊರು, ಹಳೇ ಮಾತೂ ಅಲ್ಲಿ ಹೊಸದಾಗಿ ಓಡುತ್ತೆ. ಟೀವಿಯವರಿಗೆ ಮಾತ್ರ ದಿನಾ ಎದುರಿಗೆ ಅದೇ ನಾವು! ಈ ಧಾರಾವಾಹಿಗಳಿಗೆ ಬರೆದ ಹಾಸ್ಯ ಸಾಹಿತಿ ಎಂ.ಎಸ್. ನರಸಿಂಹಮೂರ್ತಿ ಅವರಿಗೆ ಅಷ್ಟೊಂದು ಸಾಮಗ್ರಿ ಎಲ್ಲಿಂದ ಬರ್ತಿತ್ತೋ.

ಇನ್ನು ‘ಸಿಲ್ಲಿ ಲಲ್ಲಿ’ಯ ಸಮಾಜಸೇವಕಿ ಲಲಿತಾಂಬ. ಮಂಜುಭಾಷಿಣಿ ಆ ಪಾತ್ರದಲ್ಲಿ ಸೆರಗು ಸರಿಮಾಡಿಕೊಂಡು ಮಾತಿಗೆ ನಿಂತರೆ, ಬೇರೆ ಊರವರು ನಕ್ಕು ಸುಮ್ಮನಾಗಿರಬಹುದು. ನಮ್ಮ ಕಡೆ ಮಾತ್ರ, ‘ಇದು ಯಾರನ್ನ ನೋಡಿ ಮಾಡಿದ್ದು?’ ಅಂತ ಚರ್ಚೆ. ಆಗದೇ ಏನು ಮಾಡುತ್ತೆ? ಅಕ್ಕಪಕ್ಕದ ತಾಲ್ಲೂಕು, ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ, ಇಬ್ಬರೂ ಮುಖ್ಯಮಂತ್ರಿಗಳಾದವರು. 2008ರಲ್ಲಿ ಇಬ್ಬರೂ ಶಿಕಾರಿಪುರದಲ್ಲೇ ಎದುರಾಬದುರಾ ನಿಂತರು. ಸೊರಬದಲ್ಲಂತೂ ಬಂಗಾರಪ್ಪನವರ ಮಕ್ಕಳು, ಅಣ್ಣ ತಮ್ಮಂದಿರದೇ ಸ್ಪರ್ಧೆ: 2013ರಲ್ಲಿ ಗೆದ್ದದ್ದು ಮಧು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು. ಅದರಲ್ಲೂ ಅಣ್ಣ ಕುಮಾರ್ ಸಿನಿಮಾದಲ್ಲಿ ಹೀರೋ ಆಗಿದ್ದವರು, ಭಾವ ಶಿವರಾಜ್‌ಕುಮಾರ್. ಇಂಥ ಕಡೆ ಹುಟ್ಟಿದವರಿಗೆ ಗಣೇಶನ ಪೆಂಡಾಲಿನಲ್ಲಿ ಮೈಕು ಸಿಕ್ಕರೂ ಸಾಕು, ಲಲಿತಾಂಬ ಮೈಮೇಲೆ ಬರ್ತಾಳೆ.

ಎಲ್ಲಿದ್ದೆ? ಹಾಂ, ಆ ಸೋಫಾ. ನಮ್ಮ ಜಿಲ್ಲೆಯ ಅರಸಾಳು ಸ್ಟೇಷನ್ ಗೊತ್ತಲ್ಲ, ರಿಪ್ಪನ್‌ಪೇಟೆ ಹತ್ತಿರ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗೆ ಅದನ್ನ ಬಳಸಿಕೊಂಡರು ಅಂತ ಅಲ್ಲಿನ ಹಳೇ ಕಟ್ಟಡ ಈಗ ಮ್ಯೂಸಿಯಂ ಆಗಿದೆ. ಆಗಲೇಬೇಕು, ಬೇಡ ಅನ್ನೋರ್ಯಾರು. ಆದರೆ ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲರಾಯರ ಮನೆಯ ಸೋಫಾ ಎಲ್ಲಿ ಹೋಯ್ತು ಅಂತ ಯಾರಾದರೂ ಕೇಳಿದರಾ? ಆ ಪಾತ್ರ ಮಾಡಿದ ರವಿಶಂಕರ್ ಗೌಡರು ಎಲ್ಲಿ ಹೋದರೂ ಜನ ಇವತ್ತಿಗೂ ಆ ಡಾಕ್ಟರನ್ನೇ ಹುಡುಕ್ತಾರೆ. ‘ಸಿಲ್ಲಿ ಲಲ್ಲಿ’ ನಿರ್ದೇಶಿಸಿದ ವಿಜಯಪ್ರಸಾದ್ ಮುಂದೆ ‘ಸಿದ್ಲಿಂಗು’, ‘ನೀರ್‌ದೋಸೆ’ ಸಿನಿಮಾ ಮಾಡಿದಾಗ ವಿಮರ್ಶೆಯವರ ಕಣ್ಣಿಗೆ ಬಿದ್ದರು. ಅಲ್ಲಿವರೆಗೆ ಅವರು ಮಾಡಿದ್ದು ಬರೀ ‘ಟೀವಿ ಕಾಮಿಡಿ’! ನಗಿಸಿದ್ದನ್ನ ನಾವು ಪುಕ್ಕಟೆ ಅಂದ್ಕೋತೀವಿ, ಅಳಿಸಿದ್ದನ್ನ ಮಾತ್ರ ಕಲೆ ಅಂತೀವಿ. ಇದು ಯಾವ ನ್ಯಾಯ ಹೇಳಿ.

2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ‘ಪಾಪ ಪಾಂಡು’ ಮತ್ತೆ ಬಂತು. ಅದೇ ಶಾಲಿನಿ, ಅದೇ ಚಿದಾನಂದ್. ಅಷ್ಟು ಹೊತ್ತಿಗೆ ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೊಬೈಲು. ಒಟ್ಟಿಗೆ ಕೂತು ನಗೋದು ಕಡಿಮೆಯಾಗಿತ್ತು. ಚಂದ್ರು ಈಗ ‘ಬೊಂಬಾಟ್ ಭೋಜನ’ದಲ್ಲಿ ಸೌಟು ಹಿಡಿದು ನಿಂತಿದ್ದಾರೆ. ಸೊರಬದ ನಮ್ಮ ಚಿಕ್ಕಮ್ಮ ತಪ್ಪದೆ ನೋಡ್ತಾರೆ, ಅಷ್ಟೇ ತಪ್ಪದೆ ಉಪ್ಪು ಹೆಚ್ಚಾಯ್ತು ಅಂತಾರೆ. ಟೀವಿಯಲ್ಲಿ ಉಪ್ಪು ಇವರ ನಾಲಿಗೆಗೆ ಹೇಗೆ ತಿಳಿಯುತ್ತೋ!

ನನ್ನ ಲೆಕ್ಕದಲ್ಲಂತೂ ಪಾಂಡುಗಿಂತ ಲಲಿತಾಂಬೆಯೇ ಒಂದು ಕೈ ಮೇಲು. ನೀವು ಪಾಂಡು ಕಡೆಯವರಾದರೆ ಸಂಜೆ ಬನ್ನಿ, ಕೂತು ಜಗಳ ಆಡೋಣ.