ಪ್ರಶಸ್ತಿವಿಜೇತ ನಟೀಮಣ್ಯಭಿಮಾನ ಮೀಮಾಂಸೆ: ಒಂದು ಅಂತರ್‌ಶಿಸ್ತೀಯ ಪ್ರವೇಶಿಕೆ

ಪ್ರಶಸ್ತಿ ಪಡೆದ ಚಿತ್ರನಟಿಯ ಕುರಿತು, ಯಾವ ಪ್ರಶಸ್ತಿಯನ್ನೂ ಪಡೆಯದವನ ಎದೆಯಲ್ಲಿ ಹುಟ್ಟಿ, ವೇದಿಕೆಯ ಮೇಲೆ ಬೆಳೆದು, ಅಭಿನಂದನ ಗ್ರಂಥದಲ್ಲಿ ಲಯವಾಗುವ ಚಿತ್ತವೃತ್ತಿಗೆ ನಟೀಮಣ್ಯಭಿಮಾನವೆಂದು ಹೆಸರು. ಪ್ರಶಸ್ತಿಯು ಇದಕ್ಕೆ ನಿಮಿತ್ತಕಾರಣ. ಮರುದಿನದ ಪತ್ರಿಕೆಯಲ್ಲಿ ಬಂದ ಭಾವಚಿತ್ರ ಉಪಾದಾನಕಾರಣ. ಚಿತ್ರವನ್ನು ನೋಡಿರುವುದು ಕಾರಣಗಳಲ್ಲಿ ಸೇರುವುದಿಲ್ಲ. ಅದು ಕೆಲವು ಅಭಿಮಾನಿಗಳಲ್ಲಿ ಮಾತ್ರ ಕಂಡುಬರುವ ಆಗಂತುಕ ಲಕ್ಷಣ.

ಯಾವ ಶಾಸ್ತ್ರಕ್ಕಾದರೂ ಅನುಬಂಧ ಚತುಷ್ಟಯ ಬೇಕು. ಇಲ್ಲಿ ವಿಷಯ ನಟಿ. ಅಧಿಕಾರಿ ಎಂದರೆ ವಿಚಾರ ಸಂಕಿರಣಕ್ಕೆ ಆಹ್ವಾನಪತ್ರ ಬಂದವನು. ಸಂಬಂಧವೆಂಬುದು ಅವನಿಗೂ ಸಂಘಟಕರಿಗೂ ಮೊದಲಿನಿಂದ ಇರುವಂಥದ್ದು. ಪ್ರಯೋಜನವನ್ನು ಕೊನೆಗೆ ಹೇಳಲಾಗುವುದು.

ಐತಿಹಾಸಿಕ ಪರಿಪ್ರೇಕ್ಷ್ಯ ಹೀಗಿದೆ. ಶ್ರೇಷ್ಠ ನಟ, ನಟಿಯರಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1967ರ ಚಿತ್ರಗಳಿಂದ ಶುರುವಾಯಿತು. ಮೊದಲ ನಟಿ 'ರಾತ್ ಔರ್ ದಿನ್' ಚಿತ್ರದ ನರ್ಗಿಸ್. ಆಗ ಗಂಡಿನ ಪ್ರಶಸ್ತಿಗೆ 'ಭರತ್' ಎಂದೂ ಹೆಣ್ಣಿನ ಪ್ರಶಸ್ತಿಗೆ 'ಊರ್ವಶಿ' ಎಂದೂ ಹೆಸರಿತ್ತು. ನಾಟ್ಯಶಾಸ್ತ್ರ ಬರೆದವನನ್ನು ನೆನಪಿಗೆ ತರುವ ಹೆಸರು ಅವನಿಗೆ, ಇಂದ್ರನ ಸಭೆಯಲ್ಲಿ ಕುಣಿಯುವವಳ ಹೆಸರು ಇವಳಿಗೆ. ಕಾಳಿದಾಸನ 'ವಿಕ್ರಮೋರ್ವಶೀಯ' ಓದಿದವರಿಗೆ ಈ ಜೋಡಣೆಯ ಔಚಿತ್ಯ ಇನ್ನೂ ಚೆನ್ನಾಗಿ ಹೊಳೆಯುತ್ತದೆ. ಅಲ್ಲಿ ಭರತಮುನಿ ಆಡಿಸಿದ ನಾಟಕದಲ್ಲಿ ಊರ್ವಶಿ ಲಕ್ಷ್ಮಿಯ ಪಾತ್ರ ಮಾಡುತ್ತಾಳೆ. 'ಪುರುಷೋತ್ತಮ' ಎನ್ನಬೇಕಾದಲ್ಲಿ ಬಾಯಿತಪ್ಪಿ 'ಪುರೂರವ' ಎನ್ನುತ್ತಾಳೆ. ಅಷ್ಟಕ್ಕೇ ಮುನಿ ಶಾಪ ಕೊಡುತ್ತಾನೆ. ನಮ್ಮ ಪರಂಪರೆಯಲ್ಲಿ ನಟಿಗೆ ಸಂದ ಮೊದಲ ವಿಮರ್ಶೆ ಇದೇ ಇರಬೇಕು. ಆಮೇಲಿನ ವಿಮರ್ಶಕರು ಶಾಪ ಬಿಟ್ಟು ಶಾಲಿಗೆ ಇಳಿದಿದ್ದಾರೆ, ಅಷ್ಟೇ ವ್ಯತ್ಯಾಸ.

'ತುಲಾಭಾರಂ' ಮತ್ತು 'ಸ್ವಯಂವರಂ' ಚಿತ್ರಗಳಿಗಾಗಿ ಪ್ರಶಸ್ತಿ ಪಡೆದ ಶಾರದಾ ಅವರಿಗೆ ಊರ್ವಶಿ ಎಂಬುದು ಮನೆತನದ ಹೆಸರಿನಂತೆ ಅಂಟಿಕೊಂಡಿತು. ಮುಂದೆ ಶಬಾನಾ ಆಜ್ಮಿ ಐದು ಸಲ ಪಡೆದರು. ಕನ್ನಡ ಚಿತ್ರಗಳಲ್ಲಿ ನಟಿಸಿ ಈ ಪ್ರಶಸ್ತಿ ಪಡೆದವರು ಮೂವರು: 1973ರ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರ 'ಹಸೀನಾ'ಗೆ ತಾರಾ, 2007ರ 'ಗುಲಾಬಿ ಟಾಕೀಸ್‌'ಗೆ ಉಮಾಶ್ರೀ. ಮೊದಲನೆಯದು ಗಿರೀಶ ಕಾರ್ನಾಡರ ಚಿತ್ರ, ಉಳಿದೆರಡು ಗಿರೀಶ ಕಾಸರವಳ್ಳಿಯವರವು. ಹೀಗಾಗಿ ಕನ್ನಡದ ನಟಿಗೆ ರಾಷ್ಟ್ರಪ್ರಶಸ್ತಿ ಬರಬೇಕಾದರೆ ನಿರ್ದೇಶಕರ ಹೆಸರು ಗಿರೀಶ ಎಂದಿರಬೇಕೆಂಬ ವ್ಯಾಪ್ತಿಯನ್ನು ತರ್ಕಬದ್ಧವಾಗಿ ಹೊರಡಿಸಬಹುದು. ಇದರ ಮೇಲೆ ಪಿಎಚ್‌.ಡಿ. ಈವರೆಗೆ ಆಗಿರದಿದ್ದರೆ ಆಶ್ಚರ್ಯ.

ಇನ್ನು ಅಭಿಮಾನಿಯ ಅಭಿನಯ. ನಟಿಗೆ ಹೇಗೋ ಅಭಿಮಾನಿಗೂ ಹಾಗೆ ನಾಲ್ಕು ವಿಧ. ಆಂಗಿಕವೆಂದರೆ ನಟಿ ವೇದಿಕೆ ಹತ್ತುವಾಗ ಕೈಹಿಡಿದು ಹತ್ತಿಸಲು ಐದು ಜನ ಏಕಕಾಲಕ್ಕೆ ಧಾವಿಸುವುದು. ವಾಚಿಕವೆಂದರೆ 'ಪಾತ್ರಕ್ಕೆ ಜೀವ ತುಂಬಿದ್ದಾರೆ', 'ಪಾತ್ರವೇ ತಾವಾಗಿದ್ದಾರೆ', 'ಇವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ' ಎಂಬ ಮೂರು ವಾಕ್ಯಗಳನ್ನು ನಲವತ್ತು ನಿಮಿಷ ಹೇಳುವುದು. ಆಹಾರ್ಯವೆಂದರೆ ಮೈಸೂರು ಪೇಟ, ಶಾಲು, ಗಂಧದ ಹಾರ, ಜರಿ ಕಾಗದ ಹೊದಿಸಿದ ಹಣ್ಣಿನ ಬುಟ್ಟಿ ಮತ್ತು ನಟಿಯ ಹೆಸರಿಗಿಂತ ಪ್ರಾಯೋಜಕರ ಹೆಸರು ದೊಡ್ಡದಾಗಿರುವ ಸ್ಮರಣಿಕೆ. ಪೇಟ ಹಣೆಯವರೆಗೆ ಜಾರುತ್ತದೆ. ನಟಿ ಒಂದು ಕೈಯಲ್ಲಿ ಅದನ್ನು ತಡೆದುಕೊಂಡು, ಇನ್ನೊಂದು ಕೈಯಲ್ಲಿ ಬುಟ್ಟಿ ಹಿಡಿದು, ಫೋಟೊದವನು 'ಇತ್ಲಾಗೆ ನೋಡಿ ಮೇಡಂ' ಅಂದಾಗಲೆಲ್ಲ ನಗುತ್ತಾರೆ. ಇಡೀ ಸಮಾರಂಭದಲ್ಲಿ ನಟನೆ ಎಂಬುದು ನಡೆಯುವುದು ಈ ಒಂದು ಗಳಿಗೆಯಲ್ಲಿ ಮಾತ್ರ. ನಾಲ್ಕನೆಯದಾದ ಸಾತ್ವಿಕಕ್ಕೆ ಉದಾಹರಣೆ ಸಿಕ್ಕಿಲ್ಲ.

ಬಿರುದುಗಳ ವಿಚಾರವೂ ವಾಚಿಕದಲ್ಲೇ ಅಡಕ. ಬಿ. ಸರೋಜಾದೇವಿ ಅಭಿನಯ ಸರಸ್ವತಿ, ಜಯಂತಿ ಅಭಿನಯ ಶಾರದೆ. ಸರಸ್ವತಿಯೂ ಶಾರದೆಯೂ ಒಬ್ಬಳೇ ಆದ್ದರಿಂದ 'ಕಿತ್ತೂರು ಚೆನ್ನಮ್ಮ'ನ ನಟನೆಗೂ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ಮಾಧವಿಯ ನಟನೆಗೂ ಭೇದವಿಲ್ಲವೇ ಎಂಬುದು ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಬಿರುದು ಕೊಡುವಾಗ ನಟನೆಯ ವಿಚಾರ ಎತ್ತಬಾರದು.

ಅಭಿಮಾನಿಗಳು ನವರಸಗಳಿಗೆ ಅನುಗುಣವಾಗಿ ಒಂಬತ್ತು ಬಗೆ. ಮೊದಲನೆಯವನು ಪ್ರಶಸ್ತ್ಯುತ್ತರ ಅಭಿಮಾನಿ. ಪ್ರಶಸ್ತಿ ಪ್ರಕಟವಾದ ಸಂಜೆ ಇವನಿಗೆ 'ನಾನು ಅವತ್ತೇ ಹೇಳಿದ್ದೆ' ಎಂಬ ಜ್ಞಾನ ಉದಿಸುತ್ತದೆ. ಎರಡನೆಯವನು ಸ್ವಾಮ್ಯಾಭಿಮಾನಿ. ತಮಿಳಿನ 'ತಿರುಚಿತ್ರಂಬಲಂ' ಚಿತ್ರಕ್ಕೆ ನಿತ್ಯಾ ಮೆನನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ, 'ನಮ್ಮ ಬೆಂಗಳೂರಿನ ಹುಡುಗಿ' ಎಂದು ಮೀಸೆ ತಿರುವಿದವನು ಇವನೇ. ಆ ಹುಡುಗಿಗೆ ಕನ್ನಡದಲ್ಲಿ ಅಂಥದೊಂದು ಪಾತ್ರ ಯಾಕೆ ಬರೆಯಲಿಲ್ಲ ಎಂದು ಇವನನ್ನು ಕೇಳುವಂತಿಲ್ಲ. ಉಳಿದ ಏಳು ಬಗೆಗಳು ಮೊದಲೆರಡರ ಮಿಶ್ರಣವಾದ್ದರಿಂದ ಬಿಡಲಾಗಿದೆ.

ಅವಶ್ಯವಾಗಿ ವಿವೇಚಿಸಬೇಕಾದದ್ದು ಚಿತ್ರವನ್ನು ನೋಡದಿರುವಿಕೆ. ನೈಯಾಯಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿರುವುದು ಈ ಶಾಸ್ತ್ರಕ್ಕೆಂದೇ ಇರಬೇಕು. 'ನೋಡಬೇಕು, ಲಿಂಕ್ ಇದ್ದರೆ ಕಳಿಸಿ' ಎನ್ನುವವನಲ್ಲಿರುವುದು ಪ್ರಾಗಭಾವ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ನೋಡುತ್ತ ನೋಡುತ್ತ ನಿದ್ದೆಹೋಗಿ, ಎದ್ದಾಗ ವಾರ್ತೆ ಬರುತ್ತಿತ್ತು ಎನ್ನುವವನಲ್ಲಿ ಪ್ರಧ್ವಂಸಾಭಾವ. 'ಹಸೀನಾ'ದ ಬಗ್ಗೆ ಮಾತಾಡಲು ಎದ್ದು 'ಗುಲಾಬಿ ಟಾಕೀಸ್‌'ನ ಕತೆ ಹೇಳಿ ಕೂರುವವನಲ್ಲಿ ಅನ್ಯೋನ್ಯಾಭಾವ. ನೋಡಿಲ್ಲ, ನೋಡುವುದೂ ಇಲ್ಲ ಎಂಬುದು ಅತ್ಯಂತಾಭಾವ. ಅಧ್ಯಕ್ಷ ಭಾಷಣಕ್ಕೆ ಇದೇ ಅರ್ಹತೆ. ಇದರಲ್ಲಿ ಅಭಿಮಾನಿಯ ತಪ್ಪೇ ಎಲ್ಲ ಎನ್ನಲಾಗದು. ಇಂಥ ಚಿತ್ರಗಳು ಊರಿಗೆ ಬಂದರೆ ತಾನೆ? ಬಂದರೂ ಬೆಳಗಿನ ಒಂದು ಆಟ, ಒಂದು ವಾರ. ಪೋಸ್ಟರಿನ ಅಂಟು ಆರುವ ಮೊದಲೇ ಅದರ ಮೇಲೆ ಬೇರೆ ಪೋಸ್ಟರು. ಪ್ರಶಸ್ತಿಯ ಸುದ್ದಿ ಮನೆಮನೆಗೆ ತಲುಪಿತು, ಚಿತ್ರ ತಲುಪಲಿಲ್ಲ.

ನೋಡದೆ ಬರೆಯುವುದಕ್ಕೆ ಪರಿಭಾಷೆ ಬೇಕು. ಒಂದು ಮಾದರಿ ವಾಕ್ಯ: ಗುಲಾಬಿಯ ಪಾತ್ರವು ಕರಾವಳಿಯ ಅಂಚಿನ ಅಸ್ಮಿತೆಗಳ ಸಂಕಥನವನ್ನು ಜಾಗತೀಕರಣದ ದೃಶ್ಯಪ್ರಭುತ್ವಕ್ಕೆ ಮುಖಾಮುಖಿಯಾಗಿಸುತ್ತ, ಸ್ತ್ರೀದೇಹವನ್ನು ಪಠ್ಯವಾಗಿ ಕಟ್ಟಿಕೊಡುವ ಬಹುಆಯಾಮಿ ನೆಲೆಯೊಂದನ್ನು ನಿರಚಿಸುತ್ತದೆ. ಇದರಲ್ಲಿ ಗುಲಾಬಿ ತೆಗೆದು ಹಸೀನಾ ಎಂದು ಹಾಕಿ, ಕರಾವಳಿ ತೆಗೆದು ಬಯಲುಸೀಮೆ ಎಂದು ಹಾಕಿ. ವಾಕ್ಯದ ಕೂದಲೂ ಕೊಂಕುವುದಿಲ್ಲ. ರೆಡಿಮೇಡ್ ಅಂಗಡಿಯಲ್ಲಿ ಇದಕ್ಕೆ ಫ್ರೀ ಸೈಜ್ ಅನ್ನುತ್ತಾರೆ.

ಚಿತ್ರದಲ್ಲಿ ಇರುವುದು ಇಷ್ಟು. ಗುಲಾಬಿ ಕುಂದಾಪುರದ ಕಡೆಯ ಮೀನುಗಾರರ ಊರಿನ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು, ಮುಸ್ಲಿಂ ಹೆಂಗಸು, ಗಂಡ ಬಿಟ್ಟವಳು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಸಮೇತ ಟಿವಿ ಬರುತ್ತದೆ. ವೈದೇಹಿಯವರ ಕತೆಯಲ್ಲಿ ಟಾಕೀಸು ಇದ್ದ ಜಾಗದಲ್ಲಿ ಚಿತ್ರದಲ್ಲಿ ಈ ಟಿವಿ ಇದೆ. ಗಂಡಸರು ಮೀನಿಗೆ ಹೋದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರುತ್ತಾರೆ. ಬಂದವರನ್ನು ಕೂರಿಸುವ ಉಮಾಶ್ರೀಯ ಸಡಗರದಲ್ಲಿ ಟಿವಿ ಉಳ್ಳವಳ ಜಂಬ ಎಳ್ಳಷ್ಟು, ತನ್ನ ಮನೆಗೂ ಜನ ಬಂದರಲ್ಲ ಎಂಬ ಬೆರಗು ಬೆಟ್ಟದಷ್ಟು. ಕಾರ್ಗಿಲ್ ಯುದ್ಧದ ದಿನಗಳು. ಅವಳಿಗೆ ಆಪ್ತಳಾಗಿದ್ದ ನೇತ್ರು ಕಾಣೆಯಾಗುತ್ತಾಳೆ, ಊರು ಗುಲಾಬಿಯತ್ತ ಬೆರಳು ತೋರಿಸುತ್ತದೆ, ಬಂದಿದ್ದ ಹೆಂಗಸರು ಬರುವುದನ್ನು ಬಿಡುತ್ತಾರೆ. ಇದರಲ್ಲಿ ಯಾವ ಆಯಾಮ, ಯಾವ ನೆಲೆ?

ಇದೇ ನಟಿ ರಂಗದ ಮೇಲೆ ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ ಆಗಿದ್ದವರು. ಅದನ್ನು ಕಂಡಮೇಲೂ ಚಿತ್ರರಂಗ ಅವರಿಗೆ ವರ್ಷಗಟ್ಟಲೆ ಕೊಟ್ಟದ್ದು ದ್ವಂದ್ವಾರ್ಥದ ಮಾತು, ಕುಣಿಸುವ ಹುಬ್ಬು, ನಾಯಕನ ಗೆಳೆಯ ಚುಡಾಯಿಸುವ ಹೆಂಗಸಿನ ಪಾತ್ರ. ಆ ಮಾತುಗಳಿಗೆ ಶಿಳ್ಳೆ ಹೊಡೆದವರು ಯಾರು? ಪ್ರಶಸ್ತಿ ಬಂದಮೇಲೆ ವೇದಿಕೆಯಲ್ಲಿ ಕೂತವರೇ. ಶಿಳ್ಳೆ ಹೊಡೆದದ್ದು ತಪ್ಪೂ ಅಲ್ಲ. ಆ ಹಾಸ್ಯವನ್ನೂ ಉಮಾಶ್ರೀ ಲಯ ತಪ್ಪದೆ ಮಾಡಿದ್ದರು. ಆದರೆ ಅಭಿನಂದನ ಗ್ರಂಥದಲ್ಲಿ ಆ ವರ್ಷಗಳಿಗೆ 'ಸಂಘರ್ಷದ ಹಾದಿ' ಎಂದು ಹೆಸರಿಟ್ಟು ಎರಡು ಪುಟದಲ್ಲಿ ದಾಟಿಬಿಡುವುದಿದೆಯಲ್ಲ, ಅದು ಹೇಡಿತನ. ಆ ಹಾದಿಗೆ ಮುಳ್ಳು ಹಾಸಿದವರು ಯಾರೆಂದು ಒಂದು ಸಾಲಿದ್ದರೂ ಸಾಕಿತ್ತು.

ಕಲ್ಪನಾ ಅವರ ವಿಚಾರ ಇದಕ್ಕಿಂತ ಕೆಟ್ಟದ್ದು. ಅವರು ನಾಯಕಿಯಾಗಿ ನಟಿಸಿದ 1971ರ 'ಶರಪಂಜರ'ದಲ್ಲಿ, ಬಾಣಂತನದ ನಂತರ ಬುದ್ಧಿಭ್ರಮಣೆಯಾಗಿ, ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಮರಳುವ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿ ಎಂದೇ ಕಾಣುತ್ತಾರೆ. ತ್ರಿವೇಣಿ ಬರೆದದ್ದು, ಪುಟ್ಟಣ್ಣ ಕಣಗಾಲ್ ತೋರಿಸಿದ್ದು ಅದನ್ನೇ. ಚಿತ್ರ ಗೆದ್ದಿತು. ಆಮೇಲೆ ಏನಾಯಿತು? ಮಿಮಿಕ್ರಿ ಮಾಡುವವರಿಗೆ ಕಲ್ಪನಾ ಅವರ ಎಳೆದಾಡುವ ದನಿ ಸಿಕ್ಕಿತು. ಆರ್ಕೆಸ್ಟ್ರಾಗಳಲ್ಲಿ, ಕಾಲೇಜು ಡೇಗಳಲ್ಲಿ ಗಂಡಸೊಬ್ಬ ಸೆರಗು ಹೊದ್ದು, ಕಣ್ಣರಳಿಸಿ, ಎರಡು ಮಾತು ಆಡಿದರೆ ಸಭೆ ಬಿದ್ದುಬಿದ್ದು ನಕ್ಕಿತು. ಮನೆಯಲ್ಲಿ ಹೆಣ್ಣುಮಗು ಸ್ವಲ್ಪ ಜೋರಾಗಿ ಅತ್ತರೆ 'ಕಲ್ಪನಾ ಥರ ಆಡಬೇಡ' ಎಂಬ ಗದರಿಕೆ ಹುಟ್ಟಿತು. ನೆರೆಯವರು ಕಾವೇರಿಗೆ ಮಾಡಿದ್ದನ್ನೇ ಪ್ರೇಕ್ಷಕರು ಕಲ್ಪನಾಗೆ ಮಾಡಿದರು, ಟಿಕೆಟ್ ಕೊಂಡು. ಅವರು 1979ರಲ್ಲಿ, ನಾಟಕ ಕಂಪನಿಯೊಂದರ ಜೊತೆ ಊರೂರು ತಿರುಗುತ್ತಿದ್ದ ದಿನಗಳಲ್ಲಿ ತೀರಿಕೊಂಡರು. ಆಗ ವಯಸ್ಸು ಮೂವತ್ತೈದರ ಆಸುಪಾಸು. 'ಮಿನುಗುತಾರೆ' ಎಂಬ ಬಿರುದು ಪೋಸ್ಟರುಗಳಿಗೆ ಒದಗಿತ್ತು. ಬೇರೆ ಯಾವುದಕ್ಕೆ ಒದಗಿತೆಂದು ಈ ಶಾಸ್ತ್ರ ಹೇಳಲಾರದು.

ಶಾಸ್ತ್ರಕ್ಕೆ ಮರಳುವುದಾದರೆ, ಉಳಿದಿರುವುದು ಕಾಲತತ್ತ್ವ. ಚಿತ್ರರಂಗದಲ್ಲಿ ಕಾಲವು ಏಕರೂಪಿಯಲ್ಲ. ನಟನಿಗೆ ನಿಂತಿರುತ್ತದೆ, ನಟಿಗೆ ಓಡುತ್ತದೆ. ನಿದರ್ಶನ: 1954ರ 'ಬೇಡರ ಕಣ್ಣಪ್ಪ'ದಲ್ಲಿ ಪಂಢರಿಬಾಯಿ ರಾಜ್‌ಕುಮಾರ್ ಅವರ ನಾಯಕಿ. 1986ರ 'ಅನುರಾಗ ಅರಳಿತು' ಚಿತ್ರದಲ್ಲಿ ಅವರ ತಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ರಾಜ್‌ಕುಮಾರ್ ಆ ಚಿತ್ರದಲ್ಲೂ ನಾಯಕರೇ. ಸಾಪೇಕ್ಷವಾದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಎಲ್ಲಿ ನಡೆದಿದೆ? ಪಂಢರಿಬಾಯಿ ಆ ತಾಯಿಯನ್ನೂ ಅಚ್ಚುಕಟ್ಟಾಗಿ ಮಾಡಿದರು ಎಂಬುದು ಬೇರೆ ಮಾತು, ಯಾವ ಗ್ರಂಥವೂ ನಿಂತು ನೋಡದ ಮಾತು.

ಪ್ರಯೋಜನವನ್ನು ಹೇಳುವುದಾಗಿ ಮೊದಲೇ ಪ್ರತಿಜ್ಞೆ ಮಾಡಲಾಗಿದೆ. ಈ ಶಾಸ್ತ್ರವನ್ನು ಪ್ರಬಂಧವಾಗಿ ಮಂಡಿಸಿದವನಿಗೆ ಪ್ರಮಾಣಪತ್ರ, ಬಸ್ಸಿನ ದರ, ಬಡ್ತಿಯ ಅಂಕ. ಗೋಷ್ಠಿಯ ಅಧ್ಯಕ್ಷತೆ ವಹಿಸಿದವನಿಗೆ ಇವುಗಳ ಜೊತೆಗೆ ಶಾಲು. ಕೇಳಿದವರಿಗೆ ಊಟದ ಕೂಪನ್. 'ಕಾಡು' ಚಿತ್ರದಲ್ಲಿ ಗಂಡ ಪಕ್ಕದೂರಿನವಳ ಮನೆಗೆ ಹೋಗುವುದನ್ನು ನೋಡಿಕೊಂಡಿರುವ ಕಮಲಿಯಾಗಿ ನಂದಿನಿ ಭಕ್ತವತ್ಸಲ ಏನು ಮಾಡಿದ್ದಾರೆ ಎಂಬುದು ಗೋಷ್ಠಿಯ ಎರಡನೆಯ ಅವಧಿಯ ವಿಷಯವಾಗಿತ್ತು. ಮೊದಲ ಅವಧಿಯ ಸನ್ಮಾನ ಲಂಬಿಸಿದ್ದರಿಂದ ಅದನ್ನು ಕೈಬಿಡಲಾಯಿತು.